ಒಂದು ಬ್ರೇಕರ್, ಎರಡು ವೈರು

ಮನೆ ಕಟ್ಟಿ ಹತ್ತು ವರ್ಷ ಆಗುವಷ್ಟರಲ್ಲಿ ಆ ಮನೆಯ ಕರೆಂಟಿನ ಲೆಕ್ಕ ಬದಲಾಗಿರುತ್ತದೆ. ಬಚ್ಚಲಿಗೊಂದು ಗೀಸರ್, ಅಡುಗೆಮನೆಗೆ ಮಿಕ್ಸಿ, ಫ್ರಿಜ್ಜು ಎಂದು ಎಣಿಸಿ ವೈರಿಂಗ್ ಮಾಡಿಸಿದ್ದವರು ಆಮೇಲೆ ವಾಷಿಂಗ್ ಮೆಷೀನ್ ತರುತ್ತಾರೆ. ಮಾಳಿಗೆಯ ಮೇಲೆ ಒಂದು ಕೋಣೆ ಎಬ್ಬಿಸುತ್ತಾರೆ. ಬೇಸಿಗೆ ತಡೆಯಲಾರದೆ ಎಸಿ ಹಾಕಿಸುತ್ತಾರೆ, ಸಿಲಿಂಡರ್ ತಡವಾದಾಗ ಇರಲಿ ಎಂದು ಇಂಡಕ್ಷನ್ ಒಲೆ ಕೊಳ್ಳುತ್ತಾರೆ. ಇವುಗಳಿಗೆಲ್ಲ ಹೊಸ ವೈರು ಬೇಕು. ವೈರು ಎಳೆಯುವುದೇನೂ ದೊಡ್ಡ ಕೆಲಸವಲ್ಲ, ಅದರ ತುದಿಯನ್ನು ಎಲ್ಲಿ ಕೊಡುವುದು ಎಂಬಲ್ಲಿ ತೊಡಕು ಶುರುವಾಗುತ್ತದೆ. ಬ್ರೇಕರುಗಳು ಕೂತಿರುವ ಡಿಬಿ ಪೆಟ್ಟಿಗೆಯ ಮುಚ್ಚಳ ತೆಗೆದರೆ ಎಂಟಕ್ಕೆ ಎಂಟೂ ಜಾಗ ಭರ್ತಿ. ಎಲೆಕ್ಟ್ರಿಷಿಯನ್ ಒಂದು ಗಳಿಗೆ ನೋಡಿ, ಗೀಸರಿನ ಬ್ರೇಕರ್, ಅಂದರೆ ಎಂಸಿಬಿಯ ಸ್ಕ್ರೂ ಸಡಿಲಿಸಿ, ಹಳೆಯ ವೈರಿನ ಪಕ್ಕಕ್ಕೆ ಹೊಸದನ್ನೂ ಅದೇ ಕಿಂಡಿಗೆ ತೂರಿಸಿ ಬಿಗಿಯುತ್ತಾನೆ. ಸ್ವಿಚ್ ಹಾಕಿದರೆ ಮೆಷೀನ್ ತಿರುಗುತ್ತದೆ. ಕೆಲಸ ಮುಗಿಯಿತು.

ಹೀಗೆ ಮಾಡಬಹುದೇ ಎಂದು ಕೇಳಿದರೆ ಹತ್ತು ಜನ ಎಲೆಕ್ಟ್ರಿಷಿಯನ್ನರಿಂದ ಎರಡು ಬಗೆಯ ಉತ್ತರ ಬರುತ್ತದೆ. "ಏನೂ ಆಗಲ್ಲ ಸಾರ್, ಎಲ್ಲಾ ಕಡೆ ಹೀಗೇ ಇರೋದು" ಎನ್ನುವವರು ಕೆಲವರು. "ಒಂದು ಬ್ರೇಕರ್‌ಗೆ ಒಂದೇ ವೈರು, ಎರಡು ಕೊಟ್ಟರೆ ಬೆಂಕಿ" ಎನ್ನುವವರು ಕೆಲವರು. ಇಬ್ಬರ ಮಾತಿನಲ್ಲೂ ಒಂದಷ್ಟು ಸತ್ಯವಿದೆ, ಆದರೆ ಇಬ್ಬರೂ ಎಣಿಸುತ್ತಿರುವುದು ವೈರುಗಳನ್ನು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಆ ವೈರುಗಳು ಎಷ್ಟು ದಪ್ಪ? ಅವುಗಳ ತುದಿಯಲ್ಲಿ ಏನೇನು ಓಡುತ್ತದೆ? ಆ ಪುಟ್ಟ ಸ್ಕ್ರೂವಿನ ಕೆಳಗೆ ಅವು ಹೇಗೆ ಕೂತಿವೆ?

ಇದನ್ನು ಬಿಡಿಸಲು ಮೊದಲು ಬ್ರೇಕರ್ ಯಾರ ಕಾವಲಿಗೆ ಇದೆ ಎನ್ನುವುದು ತಿಳಿದಿರಬೇಕು. ಎಂಸಿಬಿ ಇರುವುದು ಟಿವಿ, ಫ್ರಿಜ್ಜು ಸುಡದಂತೆ ಕಾಯಲು ಎಂದು ಹೆಚ್ಚಿನವರು ನಂಬಿದ್ದಾರೆ. ಹಾಗಲ್ಲ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ವೈರಿನಲ್ಲಿ ಅದರ ಶಕ್ತಿ ಮೀರಿ ಕರೆಂಟು ಹರಿದರೆ ತಾಮ್ರ ಬಿಸಿಯಾಗುತ್ತದೆ, ಮೇಲಿನ ಪಿವಿಸಿ ಹೊದಿಕೆ ಮೆತ್ತಗಾಗುತ್ತದೆ. ಸಾಮಾನ್ಯ ಪಿವಿಸಿ ವೈರಿನ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದನ್ನು ಮೀರಿ ದಿನವೂ ಕಾಯುತ್ತಿದ್ದರೆ ಹೊದಿಕೆ ಗಡುಸಾಗಿ ಬಿರಿಯುತ್ತದೆ, ಒಂದು ದಿನ ಫೇಸೂ ನ್ಯೂಟ್ರಲೂ ಮುಟ್ಟಿಕೊಳ್ಳುತ್ತವೆ. ವೈರು ಆ ಹಂತಕ್ಕೆ ಹೋಗುವ ಮೊದಲೇ ಕರೆಂಟು ಕಡಿಯುವುದು ಬ್ರೇಕರ್‌ನ ಕೆಲಸ.

ಅದರ ಹೊಟ್ಟೆಯಲ್ಲಿ ಎರಡು ಯಂತ್ರಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ಕೊಂಡಿ ಕಳಚುತ್ತದೆ. ಲೋಡು ಜಾಸ್ತಿಯಾದಾಗ ನಿಧಾನವಾಗಿ ಬೀಳುವುದು ಇದರಿಂದ. ಇನ್ನೊಂದು, ತಾಮ್ರದ ಸುರುಳಿ. ಶಾರ್ಟ್ ಸರ್ಕ್ಯೂಟ್ ಆಗಿ ನೂರಾರು ಆಂಪಿಯರ್ ನುಗ್ಗಿದಾಗ ಅದು ಅಯಸ್ಕಾಂತವಾಗಿ, ಕಣ್ಣು ಮಿಟುಕಿಸುವುದರೊಳಗೆ ಕೊಂಡಿಯನ್ನು ಎಳೆದು ಬಿಡುತ್ತದೆ. ಈ ಎರಡನ್ನೂ ಒಂದೇ ಪುಟ್ಟ ಡಬ್ಬಿಯಲ್ಲಿ ಸೇರಿಸಿದ ಬ್ರೇಕರ್‌ಗೆ 1924ರಲ್ಲಿ ಪೇಟೆಂಟ್ ಸಿಕ್ಕಿತು. ಜರ್ಮನಿಯ ಮ್ಯಾನ್‌ಹೈಮ್ ಊರಿನ ಹ್ಯೂಗೋ ಸ್ಟಾಟ್ಸ್ ಮತ್ತು ಅವನ ಎಂಜಿನಿಯರ್ ಹೈನ್‌ರಿಚ್ ಶಾಖ್ಟ್‌ನರ್ ಅದನ್ನು ರೂಪಿಸಿದವರು. ನೂರು ವರ್ಷ ಕಳೆದರೂ ನಮ್ಮ ಮನೆಯ ಎಂಸಿಬಿಯ ಒಳಗಿನ ಉಪಾಯ ಅದೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 16 ಆಂಪಿಯರ್ ಎಂದು ಬರೆದಿರುವ ಬ್ರೇಕರ್ 16 ದಾಟಿದ ತಕ್ಷಣ ಬೀಳುವುದಿಲ್ಲ. ಮನೆಬಳಕೆಯ ಎಂಸಿಬಿಗಳಿಗೆ ಇರುವ ಐಎಸ್/ಐಇಸಿ 60898 ಮಾನಕದ ಪ್ರಕಾರ, ಬರೆದಿರುವ ಅಂಕಿಯ 1.13 ಪಟ್ಟು ಕರೆಂಟು ಒಂದು ಗಂಟೆ ಹರಿದರೂ ಅದು ಬೀಳಕೂಡದು. 1.45 ಪಟ್ಟಿಗೆ ಏರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 16ರ ಬ್ರೇಕರ್ 18 ಆಂಪಿಯರನ್ನು ಸುಮ್ಮನೆ ಸಹಿಸಿಕೊಳ್ಳುತ್ತದೆ, 23ಕ್ಕೆ ಹೋದರೂ ಒಂದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಇದು ದೋಷವಲ್ಲ. ಮೋಟಾರು ಚಾಲೂ ಆದಾಗ ಒಂದು ಕ್ಷಣ ಕರೆಂಟು ಏರುತ್ತದೆ. ಹಾಗೆ ಏರಿದಾಗೆಲ್ಲ ಮನೆ ಕತ್ತಲಾಗಬಾರದೆಂದೇ ಈ ಸಡಿಲ ಇಟ್ಟಿದ್ದಾರೆ.

ಈಗ ಆ ಗೀಸರಿನ ಎಂಸಿಬಿಗೆ ಬರೋಣ. ನಮ್ಮಲ್ಲಿ ಗೀಸರ್ ಸಾಮಾನ್ಯವಾಗಿ 2000 ವ್ಯಾಟ್. 230 ವೋಲ್ಟಿಗೆ ಭಾಗಿಸಿದರೆ 8.7 ಆಂಪಿಯರ್. ಅದಕ್ಕೆ ಎರಡೂವರೆ ವೈರು, 16ರ ಬ್ರೇಕರ್. ಎಲೆಕ್ಟ್ರಿಷಿಯನ್ನರ ಮಾತಿನಲ್ಲಿ ಎರಡೂವರೆ ಎಂದರೆ 2.5 ಚದರ ಮಿಲಿಮೀಟರ್ ದಪ್ಪದ್ದು. ಹೀಗೇ ಒಂದೂವರೆ ವೈರು, ನಾಲ್ಕರ ವೈರು. ಹೊಸದಾಗಿ ಬಂದ ವಾಷಿಂಗ್ ಮೆಷೀನಿನಲ್ಲಿ ನೀರು ಕಾಯಿಸುವ ಹೀಟರ್ ಇದ್ದರೆ ಅದೂ 2000 ವ್ಯಾಟಿನ ಹತ್ತಿರ. ಬೆಳಿಗ್ಗೆ ಏಳು ಗಂಟೆಗೆ ಒಬ್ಬರು ಸ್ನಾನಕ್ಕೆ ಗೀಸರ್ ಹಾಕುತ್ತಾರೆ, ಇನ್ನೊಬ್ಬರು ಬಟ್ಟೆ ಹಾಕಿ ಮೆಷೀನ್ ಒತ್ತುತ್ತಾರೆ. ಎರಡೂ ಸೇರಿ 17.4 ಆಂಪಿಯರ್. ಇದು 16ರ 1.13 ಪಟ್ಟಿಗಿಂತ ಕಡಿಮೆ, ಹಾಗಾಗಿ ಬ್ರೇಕರ್ ಬೀಳಬೇಕೆಂದೇನೂ ಇಲ್ಲ.

ಈ ಉದಾಹರಣೆಯಲ್ಲಿ ಗೋಡೆಯೊಳಗಿನ ವೈರುಗಳಿಗೆ ತೊಂದರೆಯಿಲ್ಲ ಎನ್ನುವುದನ್ನೂ ಹೇಳಬೇಕು. ಗೀಸರಿನ ವೈರಿನಲ್ಲಿ ಗೀಸರಿನ ಕರೆಂಟು ಮಾತ್ರ, ಮೆಷೀನಿನ ವೈರಿನಲ್ಲಿ ಮೆಷೀನಿನದು ಮಾತ್ರ. ಎರಡೂ ಎರಡೂವರೆ ವೈರೇ ಆಗಿದ್ದರೆ ತಲಾ 8.7 ಆಂಪಿಯರ್ ಅವಕ್ಕೆ ಲೆಕ್ಕಕ್ಕಿಲ್ಲ. ಎರಡೂ ಕೂಡುವುದು ಬ್ರೇಕರ್‌ನ ಬಾಯಲ್ಲಿ ಮತ್ತು ಅದರೊಳಗೆ. ಏನೂ ಆಗಲ್ಲ ಎನ್ನುವವರು ಅರ್ಧ ಸರಿ ಎಂದದ್ದು ಇದಕ್ಕೇ.

ಅವರ ಮಾತು ಕೈಕೊಡುವುದು ಎರಡು ವೈರುಗಳ ದಪ್ಪ ಬೇರೆಯಾದಾಗ.

ಎಸಿಗೆಂದು ನಾಲ್ಕರ ವೈರು ಎಳೆದು 20 ಆಂಪಿಯರಿನ ಬ್ರೇಕರ್ ಹಾಕಿದ್ದಾರೆ ಎಂದುಕೊಳ್ಳಿ. ಆ ಜೋಡಿ ಸರಿಯಾಗಿದೆ. ಪೈಪಿನೊಳಗೆ ಹೋದ ನಾಲ್ಕರ ತಾಮ್ರದ ವೈರು ಸುಮಾರು 26 ಆಂಪಿಯರ್ ತಾಳುತ್ತದೆ. ವರ್ಷದ ಮೇಲೆ ಬಾಲ್ಕನಿಗೆ ಒಂದು ಲೈಟು, ಒಂದು ಪ್ಲಗ್ ಪಾಯಿಂಟ್ ಬೇಕೆನಿಸಿತು. ಹತ್ತಿರದಲ್ಲಿ ಇರುವುದು ಎಸಿಯ ಬ್ರೇಕರ್. ಲೈಟಿಗೆ ಒಂದೂವರೆ ಸಾಕಲ್ಲ ಎಂದು ಒಂದೂವರೆ ವೈರನ್ನೇ ತಂದು ಅದೇ ಕಿಂಡಿಗೆ ಸೇರಿಸಿದರು. ಒಂದೂವರೆ ವೈರು ಪೈಪಿನೊಳಗೆ ತಾಳುವುದು 14, ಹೆಚ್ಚೆಂದರೆ 16 ಆಂಪಿಯರ್. ಅದರ ಹಿಂದೆ ಈಗ ನಿಂತಿರುವುದು 20ರ ಬ್ರೇಕರ್, 22 ಆಂಪಿಯರ್ ಹರಿದರೂ ಅಲುಗಾಡದೆ ಇರಲು ಹಕ್ಕಿರುವಂಥದ್ದು. ಲೈಟಿನ ಕಾಲಕ್ಕೆ ಏನೂ ಆಗುವುದಿಲ್ಲ. ಆದರೆ ಮನೆಯಲ್ಲಿ ಮದುವೆಯೋ ನಾಮಕರಣವೋ ಬಂದು, ಆ ಪಾಯಿಂಟಿಗೆ ಕನ್ವರ್ಟರ್ ಪ್ಲಗ್ ಸಿಕ್ಕಿಸಿ, ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು, 1500 ವ್ಯಾಟಿನ ಕೆಟಲ್, 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ 17.4 ಆಂಪಿಯರ್ ಆಯಿತು. ವೈರಿನ ಮಟ್ಟಿಗೆ ಇದು ಮಿತಿ ಮೀರಿದ ಹೊರೆ. ಬ್ರೇಕರ್‌ಗೆ ಇದು ಆರಾಮದ ಓಟ. ಕಾವಲಿನವನು ಎದ್ದೇ ಕೂತಿದ್ದಾನೆ, ಆದರೆ ಅವನಿಗೆ ಒಪ್ಪಿಸಿದ್ದು ದಪ್ಪ ವೈರಿನ ಲೆಕ್ಕ, ಸಾಯುತ್ತಿರುವುದು ಸಣ್ಣದು.

ಆದ್ದರಿಂದ ಒಂದು ಬ್ರೇಕರ್‌ಗೆ ಎಷ್ಟೇ ವೈರು ಸೇರಲಿ, ಅದರ ಅಂಕಿ ಅವುಗಳಲ್ಲಿ ಅತಿ ಸಣ್ಣದಕ್ಕೆ ಹೊಂದಬೇಕು. ಒಂದೂವರೆ ಇದ್ದರೆ ಬ್ರೇಕರ್ 6 ಅಥವಾ 10. ಎರಡೂವರೆಗೆ 16. ನಾಲ್ಕಕ್ಕೆ 20, ಕೆಲವು ಕಡೆ 25. ವೈರುಗಳು ಒಂದೇ ಪೈಪಿನಲ್ಲಿ ಗಿಡಿದು ಹೋಗಿದ್ದರೆ, ಅಥವಾ ಬಿಸಿಲಿಗೆ ಕಾದ ತಾರಸಿಯ ಮೇಲೆ ಸಾಗಿದ್ದರೆ, ಅವು ತಾಳುವ ಕರೆಂಟು ಇನ್ನೂ ಇಳಿಯುತ್ತದೆ.

ಇನ್ನು ಸ್ಕ್ರೂವಿನ ವಿಷಯ. ಬೆಂಕಿಯ ಭಯ ಹೇಳುವವರು ನಿಜವಾಗಿ ಕಂಡಿರುವುದು ಇಲ್ಲಿಯದನ್ನೇ.

ಎಂಸಿಬಿಯ ಕೆಳಬಾಯಿಯನ್ನು ಹತ್ತಿರದಿಂದ ನೋಡಿದರೆ ಒಂದು ಪುಟ್ಟ ಲೋಹದ ಚೌಕಟ್ಟು ಕಾಣುತ್ತದೆ. ಸ್ಕ್ರೂ ತಿರುಗಿಸಿದಂತೆ ಚೌಕಟ್ಟು ಮೇಲೇರಿ, ವೈರನ್ನು ಮೇಲಿನ ತಗಡಿಗೆ ಒತ್ತಿ ಹಿಡಿಯುತ್ತದೆ. ಒಂದು ವೈರು ಇದ್ದಾಗ ಅದರ ಎಳೆಗಳು ಹರಡಿಕೊಂಡು ತಗಡಿಗೆ ಪೂರ್ತಿ ತಾಗುತ್ತವೆ. ಅದರ ಪಕ್ಕಕ್ಕೆ ಇನ್ನೊಂದನ್ನು ತೂರಿಸಿದಾಗ, ಎರಡೂ ಒಂದೇ ದಪ್ಪದವಾಗಿ ಅಕ್ಕಪಕ್ಕ ನೆಟ್ಟಗೆ ಕೂತರೆ ಹಿಡಿತ ಸಿಗಬಹುದು. ಒಂದು ನಾಲ್ಕರದು, ಇನ್ನೊಂದು ಒಂದೂವರೆ ಆದರೆ ಚೌಕಟ್ಟು ದಪ್ಪ ವೈರಿಗೆ ತಾಗಿ ನಿಲ್ಲುತ್ತದೆ. ಸಣ್ಣದು ಪಕ್ಕದ ಸಂದಿಯಲ್ಲಿ ಹೆಸರಿಗಷ್ಟೇ ಸಿಕ್ಕಿಕೊಂಡಿರುತ್ತದೆ, ಬೆರಳಿನಿಂದ ಎಳೆದರೆ ಬಂದುಬಿಡುತ್ತದೆ. ಇನ್ನು ಕೆಲವು ಸಲ ಇಡೀ ವೈರು ಕಿಂಡಿಗೆ ಹಿಡಿಸದೆ ನಾಲ್ಕಾರು ಎಳೆಗಳನ್ನು ಕತ್ತರಿಸಿ ಹಾಕಿರುತ್ತಾರೆ. ಎರಡೂವರೆ ವೈರು ಆ ಒಂದು ಕಡೆ ಒಂದೂವರೆಯಾಗಿ ಉಳಿಯುತ್ತದೆ.

ಹಿಡಿತ ಸಡಿಲವಾದರೆ ಏನಾಗುತ್ತದೆ? ಲೆಕ್ಕ ನೋಡೋಣ. ಒಳ್ಳೆಯ ಜೋಡಣೆಯ ತಡೆ ಓಮ್‌ನ ಸಾವಿರದಲ್ಲೊಂದು ಭಾಗದ ಆಸುಪಾಸು ಇರುತ್ತದೆ. ಸಡಿಲವಾಗಿ, ಕಿಲುಬು ಹಿಡಿದ ಜೋಡಣೆಯ ತಡೆ ಓಮ್‌ನ ಹತ್ತರಲ್ಲೊಂದು ಭಾಗಕ್ಕೆ ಏರಿತು ಎನ್ನಿ. ಅಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗೀಸರ್ ಒಂದೇ ಓಡುವಾಗ 8.7 ಆಂಪಿಯರಿಗೆ ಏಳೂವರೆ ವ್ಯಾಟ್. ಗೀಸರ್, ಮೆಷೀನ್ ಎರಡೂ ಆ ಜೋಡಣೆಯ ಮೂಲಕವೇ ಹೋದರೆ 17.4 ಆಂಪಿಯರಿಗೆ 30 ವ್ಯಾಟ್. ಕರೆಂಟು ದುಪ್ಪಟ್ಟು, ಬಿಸಿ ನಾಲ್ಕು ಪಟ್ಟು. ರೇಡಿಯೊ ರಿಪೇರಿ ಅಂಗಡಿಯವನ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು, ಅದು ಸೀಸವನ್ನು ನೀರಿನಂತೆ ಕರಗಿಸುತ್ತದೆ. ಅಷ್ಟು ಬಿಸಿ ಒಂದು ಪ್ಲಾಸ್ಟಿಕ್ ಡಬ್ಬಿಯ ಮೂಲೆಯಲ್ಲಿ, ಗೋಡೆಯ ಪೆಟ್ಟಿಗೆಯೊಳಗೆ, ದಿನಾ ಬೆಳಿಗ್ಗೆ ಅರ್ಧ ಗಂಟೆ ಹುಟ್ಟುತ್ತಿರುತ್ತದೆ.

ಮತ್ತು ಬ್ರೇಕರ್‌ಗೆ ಇದು ಸರಿಯಾಗಿ ಗೊತ್ತಾಗುವುದಿಲ್ಲ. ಅದು ಅಳೆಯುವುದು ಕರೆಂಟನ್ನು. ಸಡಿಲ ಜೋಡಣೆಯಿಂದ ಕರೆಂಟು ಹೆಚ್ಚುವುದಿಲ್ಲ, ಒಂದು ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ. ಕೆಲವೊಮ್ಮೆ ಸ್ಕ್ರೂವಿನ ಬಿಸಿ ಒಳಗಿನ ಜೋಡಿಲೋಹದ ಪಟ್ಟಿಗೆ ಹಬ್ಬಿ ಬ್ರೇಕರ್ ಅಕಾಲದಲ್ಲಿ ಬೀಳುವುದುಂಟು. ಲೋಡು ಹೆಚ್ಚಿಲ್ಲದಿದ್ದರೂ ಪದೇ ಪದೇ ಟ್ರಿಪ್ ಆಗುತ್ತಿದ್ದರೆ ಅನುಮಾನಿಸಬೇಕಾದ್ದು ಇದನ್ನು. ಆದರೆ ಸಾಮಾನ್ಯವಾಗಿ ಜನ ಮಾಡುವುದು ಏನು? "ಎಂಸಿಬಿ ವೀಕ್ ಆಗಿದೆ, ದೊಡ್ಡದು ಹಾಕಿ" ಎನ್ನುವುದು.

ಈ ಚಾಳಿ ಹೊಸದಲ್ಲ. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳ ಕಾಲದಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಅದಕ್ಕೆ ವೈರಿನ ನಾಲ್ಕು ಎಳೆ ಸೇರಿಸಿ ಸುತ್ತುವುದು ಮನೆಮನೆಯ ವಿದ್ಯೆಯಾಗಿತ್ತು. ಫ್ಯೂಸ್ ಹೋಗುವುದು ನಿಲ್ಲುತ್ತಿತ್ತು, ವೈರು ಕಾಯುವುದು ಶುರುವಾಗುತ್ತಿತ್ತು. ಎಂಸಿಬಿ ಬಂದ ಮೇಲೆ ಅದೇ ವಿದ್ಯೆ 16 ತೆಗೆದು 25 ಹಾಕುವ ರೂಪದಲ್ಲಿ ಮುಂದುವರಿದಿದೆ. ಕಲಬುರಗಿ, ರಾಯಚೂರಿನ ಕಡೆ ಇದಕ್ಕೆ ಬೇಸಿಗೆಯೂ ಕಾರಣ. ಎಂಸಿಬಿಯ ಅಂಕಿಯನ್ನು 30 ಡಿಗ್ರಿ ಉಷ್ಣತೆಗೆ ಹೊಂದಿಸಿರುತ್ತಾರೆ. ಹೊರಗೆ 42 ಡಿಗ್ರಿ, ಬಿಸಿಲು ಬೀಳುವ ಗೋಡೆಯ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು ಇರುವಾಗ ಅದು ಬರೆದ ಅಂಕಿಗಿಂತ ಮೊದಲೇ ಬೀಳುತ್ತದೆ. ಏಪ್ರಿಲ್‌ನಲ್ಲಿ ಸಿಟ್ಟಿನಿಂದ ದೊಡ್ಡ ಬ್ರೇಕರ್ ಹಾಕಿಸಿದವರು ಅದನ್ನು ಮಳೆಗಾಲದಲ್ಲಿ ಬದಲಿಸುವುದಿಲ್ಲ. ಅದಕ್ಕೆ ಎರಡು ವೈರು ಸೇರಿದ್ದು, ಅದರಲ್ಲೊಂದು ಸಣ್ಣದಾಗಿದ್ದರೆ ಅಪಾಯದ ಎರಡು ಬಾಗಿಲುಗಳೂ ಒಟ್ಟಿಗೆ ತೆರೆದಂತೆ.

ಹಳೆಯ ಮನೆಗಳಲ್ಲಿ ಮೂರನೆಯದೊಂದು ತೊಡಕಿದೆ: ಅಲ್ಯುಮಿನಿಯಂ ವೈರು. ತಾಮ್ರ ದುಬಾರಿಯಾಗಿದ್ದ ಕಾಲದಲ್ಲಿ ಕಟ್ಟಿದ ಮನೆಗಳಲ್ಲಿ ಅದು ಈಗಲೂ ಗೋಡೆಯೊಳಗಿದೆ. ಅಲ್ಯುಮಿನಿಯಂ ಸ್ಕ್ರೂವಿನ ಒತ್ತಡಕ್ಕೆ ಮೆಲ್ಲಗೆ ಜರುಗುತ್ತ ಹೋಗುತ್ತದೆ, ಮೇಲೆ ಕರೆಂಟು ಹರಿಯದ ತೆಳುಪೊರೆ ಕಟ್ಟುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಾಡಿಸಿದ ಅಧ್ಯಯನವೊಂದರ ಪ್ರಕಾರ, 1972ಕ್ಕೆ ಮುಂಚಿನ ಅಲ್ಯುಮಿನಿಯಂ ವೈರಿಂಗ್ ಇರುವ ಮನೆಗಳಲ್ಲಿ ಯಾವುದಾದರೂ ಜೋಡಣೆ ಬೆಂಕಿ ಹತ್ತುವ ಸ್ಥಿತಿಗೆ ಬರುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು. ಅಂಥ ಅಲ್ಯುಮಿನಿಯಂ ವೈರನ್ನೂ ಹೊಸ ತಾಮ್ರದ ವೈರನ್ನೂ ಒಂದೇ ಸ್ಕ್ರೂವಿನ ಕೆಳಗೆ ಹಾಕಿದರೆ, ಗಾಳಿಯ ತೇವಕ್ಕೆ ತಾಮ್ರ ತಾಗಿದ ಕಡೆ ಅಲ್ಯುಮಿನಿಯಂ ಸವೆಯತೊಡಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಅದು ಇನ್ನೂ ಬೇಗ. ಇದನ್ನಂತೂ ಯಾವ ಕಾರಣಕ್ಕೂ ಮಾಡಬಾರದು.

ಬೇರೆ ದೇಶಗಳವರು ಇದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆ ನೋಡಿದರೆ ಅಚ್ಚರಿಯಾಗುತ್ತದೆ. ಬ್ರಿಟನ್ನಿನಲ್ಲಿ ಒಂದು ಬ್ರೇಕರ್‌ಗೆ ಎರಡು ವೈರು ಹೋಗುವುದು ತಪ್ಪಲ್ಲ, ಅದೇ ಪದ್ಧತಿ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಮನೆಗಳನ್ನು ಮತ್ತೆ ಕಟ್ಟಬೇಕಿತ್ತು, ತಾಮ್ರಕ್ಕೆ ಬರವಿತ್ತು. ಆಗ ಅಲ್ಲಿನ ಎಂಜಿನಿಯರರು ಒಂದು ವೈರನ್ನು ಫ್ಯೂಸಿನಿಂದ ಹೊರಡಿಸಿ, ಮನೆಯ ಪ್ಲಗ್ ಪಾಯಿಂಟುಗಳನ್ನೆಲ್ಲ ಸುತ್ತಿಸಿ, ಮತ್ತೆ ಅದೇ ಫ್ಯೂಸಿಗೆ ತಂದು ಕೂಡಿಸುವ ವರ್ತುಲ ವೈರಿಂಗನ್ನು ರೂಢಿಗೆ ತಂದರು. ಈಗ ಅದಕ್ಕೆ 32 ಆಂಪಿಯರ್ ಬ್ರೇಕರ್, ಎರಡೂವರೆ ವೈರು. ಒಂದು ಪಾಯಿಂಟಿಗೆ ಎರಡೂ ಕಡೆಯಿಂದ ಕರೆಂಟು ಬರುವುದರಿಂದ ಹೊರೆ ಹಂಚಿಹೋಗುತ್ತದೆ. ಜೊತೆಗೆ 1947ರಲ್ಲಿ ಬಂದ ಬಿಎಸ್ 1363 ಮಾನಕದ ಮೂರು ಚಪ್ಪಟೆ ಪಿನ್ನಿನ ಪ್ಲಗ್ಗಿನೊಳಗೇ ಒಂದು ಫ್ಯೂಸ್ ಇರುತ್ತದೆ, ಗರಿಷ್ಠ 13 ಆಂಪಿಯರಿನದು. ಇದೊಂದು ಜಾಣ ವ್ಯವಸ್ಥೆ. ಆದರೆ ಅದರ ಭಾಗಗಳೆಲ್ಲ ಒಂದಕ್ಕೊಂದು ಆತುಕೊಂಡಿವೆ. ಲಂಡನ್ನಿನಲ್ಲಿ ನಾಲ್ಕು ವರ್ಷ ಇದ್ದು ಬಂದವರು ಬೆಂಗಳೂರಿನ ಮನೆಯಲ್ಲೂ ಎರಡೂವರೆ ವೈರಿಗೆ 32 ಹಾಕಿಸಹೊರಟರೆ ಅನಾಹುತ, ಏಕೆಂದರೆ ನಮ್ಮ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ, ನಮ್ಮ ವೈರು ಹಿಂದಿರುಗಿ ಬರುವುದೂ ಇಲ್ಲ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇದನ್ನು ನೇರವಾಗಿ ಹೇಳುತ್ತದೆ: ಹೆಚ್ಚು ತಂತಿಗಳಿಗೆಂದು ಗುರುತಿಸದ ಟರ್ಮಿನಲ್‌ಗೆ ಒಂದೇ ತಂತಿ. ಅಲ್ಲಿ ಮನೆ ಮಾರುವ ಮೊದಲು ತಪಾಸಣೆಗೆ ಬರುವವರು ಡಿಬಿಯಲ್ಲಿ ಹುಡುಕುವ ಮೊದಲ ದೋಷಗಳಲ್ಲಿ ಇದೂ ಒಂದು. ಹಾಗೆಂದು ಎಲ್ಲ ಬ್ರೇಕರುಗಳಿಗೂ ಒಂದೇ ಅಲ್ಲ. ಸ್ಕ್ವೇರ್ ಡಿ ಕಂಪನಿಯ ಕೆಲವು ಬ್ರೇಕರುಗಳ ಸ್ಕ್ರೂವಿನ ಎರಡೂ ಬದಿಗೆ ಒಂದೊಂದು ತಂತಿಗೆ ಬೇರೆ ಬೇರೆ ಜಾಗವೇ ಇದೆ, ಅಲ್ಲಿ ಎರಡು ಹಾಕಲು ಅನುಮತಿಯೂ ಇದೆ. ನಮ್ಮ ಮಾರುಕಟ್ಟೆಯಲ್ಲೂ ಎರಡು ಕೋಣೆಯ ಟರ್ಮಿನಲ್ ಇರುವ ಎಂಸಿಬಿಗಳು ಸಿಗುತ್ತವೆ, ಒಂದು ಕೋಣೆ ಬಸ್‌ಬಾರ್ ಪಟ್ಟಿಗೆ, ಇನ್ನೊಂದು ವೈರಿಗೆ. ಎಷ್ಟು ವೈರು, ಯಾವ ದಪ್ಪದ್ದು, ಸ್ಕ್ರೂವನ್ನು ಎಷ್ಟು ಬಿಗಿಯಬೇಕು ಎನ್ನುವುದು ತಯಾರಕರ ಹಾಳೆಯಲ್ಲಿ ಇರುತ್ತದೆ. ಬಿಗಿತ ಬಹಳಷ್ಟು ಎಂಸಿಬಿಗಳಿಗೆ 2 ನ್ಯೂಟನ್ ಮೀಟರಿನ ಆಸುಪಾಸು. ಟೆಸ್ಟರಿನ ತುದಿಯಿಂದ ಸ್ಕ್ರೂ ತಿರುಗಿಸಿದರೆ ಅಷ್ಟು ಬಿಗಿತ ಬರುವುದೇ ಇಲ್ಲ, ಟೆಸ್ಟರ್ ಇರುವುದು ಆ ಕೆಲಸಕ್ಕೂ ಅಲ್ಲ.

ಹಾಗಾದರೆ ಡಿಬಿ ತುಂಬಿರುವ ಮನೆಯವರು ಏನು ಮಾಡಬೇಕು?

ದಾರಿ ಅಲ್ಲೇ, ಆ ಪೆಟ್ಟಿಗೆಯಲ್ಲೇ ಇರಬಹುದು. ಭಾರತೀಯ ವೈರಿಂಗ್ ಸಂಹಿತೆಯಾದ ಐಎಸ್ 732ರ ಬಳಕೆಯಲ್ಲಿ ಬಂದ ಲೆಕ್ಕದಂತೆ ಒಂದು ಲೈಟು-ಫ್ಯಾನಿನ ಸರ್ಕ್ಯೂಟಿಗೆ 10 ಪಾಯಿಂಟ್, 800 ವ್ಯಾಟ್ ಮಿತಿ. ಈ ಲೆಕ್ಕ ಹಾಕಿದ ಕಾಲದಲ್ಲಿ ಒಂದು ಬಲ್ಬು 60 ವ್ಯಾಟ್, 100 ವ್ಯಾಟ್ ಇರುತ್ತಿತ್ತು. ಈಗ 9 ವ್ಯಾಟಿನ ಎಲ್‌ಇಡಿ. ಎರಡು ಮಲಗುವ ಕೋಣೆಗಳಲ್ಲಿ ಒಟ್ಟು ಆರು ಎಲ್‌ಇಡಿ, ಎರಡು ಫ್ಯಾನು ಇದ್ದರೆ 230 ವ್ಯಾಟ್ ದಾಟುವುದು ಅಪರೂಪ, ಅಂದರೆ ಒಂದು ಆಂಪಿಯರ್. ಅವಕ್ಕೆ ಎರಡು ಪ್ರತ್ಯೇಕ ಬ್ರೇಕರ್ ಇಟ್ಟಿದ್ದರೆ, ಎರಡೂ ಸರ್ಕ್ಯೂಟಿನ ವೈರು ಒಂದೇ ದಪ್ಪದ್ದಾಗಿದ್ದರೆ, ಅವನ್ನು ಒಂದು 6 ಅಥವಾ 10ರ ಬ್ರೇಕರ್‌ಗೆ ಸೇರಿಸಿ ಒಂದು ಜಾಗ ಖಾಲಿ ಮಾಡಿಕೊಳ್ಳಬಹುದು. ಆ ಖಾಲಿ ಜಾಗಕ್ಕೆ ವಾಷಿಂಗ್ ಮೆಷೀನಿನ ಹೊಸ ವೈರಿಗೆಂದೇ ಹೊಸ ಬ್ರೇಕರ್. ಒಂದು ಬ್ರೇಕರ್‌ಗೆ ಎರಡು ವೈರು ಕೊಡುವುದು ಸರಿಹೊಂದುವ ಸಂದರ್ಭ ಇದು: ಹಗುರ ಲೋಡುಗಳನ್ನು ಕೂಡಿಸಿ, ಭಾರದ ಲೋಡನ್ನು ಒಂಟಿಯಾಗಿ ಬಿಡುವುದು. ಅವಸರದ ಕೆಲಸದಲ್ಲಿ ಆಗುವುದು ಇದರ ತದ್ವಿರುದ್ಧ.

ಕೂಡಿಸುವಾಗಲೂ ಎರಡು ವೈರನ್ನು ಹಾಗೇ ತೂರಿಸಬೇಕಿಲ್ಲ. ಎರಡನ್ನೂ ಒಳ್ಳೆಯ ಕನೆಕ್ಟರಿನಲ್ಲಿ ಸೇರಿಸಿ, ಅಲ್ಲಿಂದ ಒಂದೇ ತುಂಡು ವೈರನ್ನು ಬ್ರೇಕರ್‌ಗೆ ಕೊಡಬಹುದು. ಆ ತುಂಡು ಬ್ರೇಕರ್‌ನ ಅಂಕಿಗೆ ತಕ್ಕ ದಪ್ಪ ಇರಬೇಕು. ಇಲ್ಲವೇ ಎರಡು ವೈರಿಗೆಂದೇ ಬರುವ ಪಿನ್ ಲಗ್ ತೊಡಿಸಿ ಇಕ್ಕಳದಿಂದ ಒತ್ತಿ ಒಂದೇ ಗಟ್ಟಿ ತುದಿ ಮಾಡಿಕೊಳ್ಳಬಹುದು. ಬಹುಕಾಲದಿಂದ ಇರುವ ಇನ್ನೊಂದು ವಿಧಾನವೆಂದರೆ ಡಿಬಿಗೇ ಹೋಗದೆ ಸ್ವಿಚ್ ಬೋರ್ಡಿನಿಂದ ಸ್ವಿಚ್ ಬೋರ್ಡಿಗೆ ಲೂಪ್ ಹೊಡೆಯುವುದು. ಲೈಟಿನ ಪಾಯಿಂಟುಗಳಿಗೆ ಅದು ಸಾಕು. ಯಾವುದೂ ಆಗದಿದ್ದರೆ ಹಳೆಯದರ ಪಕ್ಕಕ್ಕೆ ನಾಲ್ಕು ಜಾಗದ ಒಂದು ಪುಟ್ಟ ಡಿಬಿ. ಒಂದು ಎಂಸಿಬಿಗೆ ಕೆಲವು ನೂರು ರೂಪಾಯಿ, ಸಣ್ಣ ಪೆಟ್ಟಿಗೆಗೆ ಇನ್ನು ಕೆಲವು ನೂರು. ಹೊಸ ಮೆಷೀನಿನ ಬೆಲೆಯ ಮುಂದೆ ಇದು ಎಷ್ಟರ ಮಾತು!

ಫೇಸ್ ವೈರು ಜರುಗಿಸುವಾಗ ನ್ಯೂಟ್ರಲ್ಲನ್ನು ಮರೆಯುವುದು ನಮ್ಮಲ್ಲಿ ಬಹಳ ಸಾಮಾನ್ಯ. ಡಿಬಿಯಲ್ಲಿ ಎರಡು ಆರ್‌ಸಿಸಿಬಿ ಇದ್ದು, ಫೇಸನ್ನು ಒಂದರ ಕೆಳಗೂ ನ್ಯೂಟ್ರಲ್ಲನ್ನು ಇನ್ನೊಂದರ ಕೆಳಗೂ ಬಿಟ್ಟರೆ, ಲೈಟು ಹಾಕಿದ ಕೂಡಲೇ ಎರಡೂ ಬೀಳುತ್ತವೆ. ಆರ್‌ಸಿಸಿಬಿ ನೋಡುವುದು ಹೋದ ಕರೆಂಟು ಪೂರ್ತಿ ಹಿಂದಿರುಗಿತೇ ಎಂಬುದನ್ನು. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಕಡಿಯುವಂಥದ್ದು. ಆಗ "ಇದೊಂದು ತಲೆನೋವು" ಎಂದು ಆರ್‌ಸಿಸಿಬಿಯನ್ನೇ ತೆಗೆದು ನೇರ ಕೊಡುವವರಿದ್ದಾರೆ. ಶಾಕ್ ಹೊಡೆದಾಗ ಜೀವ ಉಳಿಸುವ ಸಾಧನ ಮನೆಯಲ್ಲಿ ಅದೊಂದೇ. ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟು ಕಾಣಿಸುವಷ್ಟು ದೊಡ್ಡದೇ ಅಲ್ಲ.

ಕರ್ನಾಟಕದ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಯುಪಿಎಸ್ ವೈರಿನ ಬಗ್ಗೆ. ಕರೆಂಟು ಹೋದಾಗ ಲೈಟು, ಫ್ಯಾನು ಓಡಲೆಂದು ಬ್ಯಾಟರಿಯ ಯುಪಿಎಸ್‌ನಿಂದ ಬರುವ ಫೇಸನ್ನು ಡಿಬಿಯ ಕೆಲವು ಬ್ರೇಕರುಗಳಿಗೆ ಕೊಟ್ಟಿರುತ್ತಾರೆ. ಅದೂ ಕೆಂಪು, ಮೇನ್ ಲೈನೂ ಕೆಂಪು, ಚೀಟಿ ಅಂಟಿಸಿರುವುದಿಲ್ಲ. ಜಾಗವಿಲ್ಲದೆ ಯುಪಿಎಸ್ ಸರ್ಕ್ಯೂಟಿನ ವೈರನ್ನೂ ಮೇನ್ ಸರ್ಕ್ಯೂಟಿನ ವೈರನ್ನೂ ಒಂದೇ ಕಡೆ ಕೂಡಿಸಿದರೆ ಯುಪಿಎಸ್‌ನ ಹೊರಬಾಯಿಗೆ ಬೀದಿಯ ಕರೆಂಟು ನುಗ್ಗಿ ಅದು ಸುಡಬಹುದು. ಅದಕ್ಕಿಂತ ಕೆಟ್ಟದ್ದು, ಪವರ್ ಕಟ್ಟಿನ ಹೊತ್ತಿನಲ್ಲಿ ಬ್ಯಾಟರಿಯ 230 ವೋಲ್ಟ್ ಮೀಟರಿನ ಮೂಲಕ ಹಿಮ್ಮುಖವಾಗಿ ಕಂಬದ ಕಡೆಗೆ ಹೋಗಬಹುದು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಅದು ಸಾವು. ಮನೆಯೊಳಗೂ ಅಷ್ಟೆ, ಯುಪಿಎಸ್ ಇರುವಲ್ಲಿ ಮೇನ್ ಆಫ್ ಮಾಡಿದ ಮಾತ್ರಕ್ಕೆ ಡಿಬಿಯ ವೈರುಗಳು ಸತ್ತವೆಂದು ಲೆಕ್ಕ ಹಾಕಬಾರದು.

ತಮ್ಮ ಮನೆಯ ಸ್ಥಿತಿ ಹೇಗಿದೆ ಎಂದು ತಿಳಿಯಲು ಡಿಬಿಯ ಒಳಮುಚ್ಚಳ ಬಿಚ್ಚಬೇಕಾಗಿಲ್ಲ, ಬಿಚ್ಚಲೂ ಬಾರದು. ಒಂದು ಭಾನುವಾರ ಇಡೀ ಮನೆಯ ಲೈಟು, ಫ್ಯಾನು ಹಾಕಿ, ಪ್ಲಗ್ ಪಾಯಿಂಟುಗಳಿಗೆ ಟೇಬಲ್ ಲ್ಯಾಂಪೋ ಮೊಬೈಲ್ ಚಾರ್ಜರೋ ಸಿಕ್ಕಿಸಿ, ಒಂದೊಂದೇ ಬ್ರೇಕರ್ ಇಳಿಸುತ್ತ ಯಾವುದು ಆರಿತು ಎಂದು ಬರೆದುಕೊಂಡರೆ ಸಾಕು. ಸ್ಕೂಲಿಗೆ ಹೋಗುವ ಮಕ್ಕಳು ಕೋಣೆಯಿಂದ ಕೋಣೆಗೆ ಓಡಿ ಹೇಳುತ್ತಾರೆ. ಅಡುಗೆಮನೆಯ ಬ್ರೇಕರ್ ಇಳಿಸಿದಾಗ ಮಹಡಿಯ ಕೋಣೆಯ ಪ್ಲಗ್ಗೂ ಸತ್ತರೆ ಎಲ್ಲೋ ಕೂಡಿಕೆಯಾಗಿದೆ ಎಂದರ್ಥ. ಅದು ತಪ್ಪೇ ಆಗಿರಬೇಕಿಲ್ಲ, ಆದರೆ ಒಮ್ಮೆ ತೋರಿಸಬೇಕಾದ ಜಾಗ. ಪಟ್ಟಿಯನ್ನು ಡಿಬಿ ಬಾಗಿಲ ಒಳಗಡೆ ಅಂಟಿಸಿದರೆ ಮುಂದೆ ಬರುವ ಎಲೆಕ್ಟ್ರಿಷಿಯನ್‌ಗೂ ಅರ್ಧ ಕೆಲಸ ಉಳಿಯುತ್ತದೆ. ಗೀಸರ್ ಹಾಕಿದಾಗ ಲೈಟು ಮಿಣುಕುವುದು, ಡಿಬಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಸಣ್ಣಗೆ ಗುಂಯ್‌ಗುಡುವ ಸದ್ದು, ಬ್ರೇಕರ್‌ನ ಮೈ ಕಂದುಬಣ್ಣಕ್ಕೆ ತಿರುಗಿರುವುದು, ಇವುಗಳಲ್ಲಿ ಯಾವುದು ಕಂಡರೂ ಆ ಬ್ರೇಕರನ್ನು ಇಳಿಸಿಟ್ಟು ಪರವಾನಗಿ ಇರುವವರನ್ನು ಕರೆಸುವುದು ಅದೇ ದಿನದ ಕೆಲಸ.

ಕರೆಸಿದಾಗ ಹಳೆಯ ಕೂಡಿಕೆ ಸರಿಮಾಡಿಸುವುದರ ಜೊತೆಗೆ ಮುಂದಿನ ಐದು ವರ್ಷವನ್ನೂ ಮಾತಾಡಿಬಿಡುವುದು ಒಳ್ಳೆಯದು. ಎಲೆಕ್ಟ್ರಿಕ್ ಸ್ಕೂಟರ್ ಬಂದಾಗಲೂ ಚಾರ್ಜಿಂಗ್ ಪಾಯಿಂಟಿನ ವೈರು ಮೋಟಾರಿನದೋ ಗೀಸರಿನದೋ ಕಿಂಡಿ ಸೇರುತ್ತಿರುವುದು ಈಗ ಕಾಣುತ್ತಿದೆ. ಕಾರು ಬಂದರೆ ಅದರ ಗೋಡೆ ಚಾರ್ಜರ್ 7.4 ಕಿಲೋವ್ಯಾಟಿನದಾದರೆ ಒಂದೇ ಫೇಸಿನಲ್ಲಿ 32 ಆಂಪಿಯರ್ ಎಳೆಯುತ್ತದೆ, ಅದೂ ರಾತ್ರಿಯಿಡೀ ನಿಲ್ಲದೆ. ಗೀಸರ್ ನೀರು ಕಾದ ಮೇಲೆ ನಿಲ್ಲುತ್ತದೆ, ಎಸಿ ಕೋಣೆ ತಣಿದ ಮೇಲೆ ಉಸಿರು ಬಿಡುತ್ತದೆ, ಚಾರ್ಜರ್‌ಗೆ ಆ ಬಿಡುವಿಲ್ಲ. ಅದಕ್ಕೆ ಸ್ವಂತ ಬ್ರೇಕರ್, ಸ್ವಂತ ಆರ್‌ಸಿಸಿಬಿ, ಮೀಟರಿನಿಂದಲೇ ದಪ್ಪ ವೈರು ಬೇಕು, ಎಸ್ಕಾಂ ಕಚೇರಿಯಲ್ಲಿ ಮನೆಯ ಮಂಜೂರಾದ ಲೋಡನ್ನೂ ಏರಿಸಿಕೊಳ್ಳಬೇಕು. ಹೊಸ ಮನೆ ಕಟ್ಟುವವರು ಎಂಟರ ಬದಲು ಹನ್ನೆರಡು ಜಾಗದ ಡಿಬಿ ಕೂರಿಸಿ, ನಾಲ್ಕನ್ನು ಖಾಲಿ ಬಿಡಿಸಿ, ಕಾರು ನಿಲ್ಲಿಸುವ ಜಾಗದವರೆಗೆ ಒಂದು ಖಾಲಿ ಪೈಪನ್ನು ಪ್ಲಾಸ್ಟರಿಂಗಿಗೆ ಮೊದಲೇ ಹಾಕಿಸಿಟ್ಟುಕೊಂಡರೆ, ಆಗ ಬೇಕಾಗುವುದು ವೈರು ಎಳೆಯುವ ಒಂದು ದಿನದ ಕೂಲಿ ಮಾತ್ರ.